ಪಣಂಬೂರಿನ ಕಬ್ಬಿಣವೂ ರೈಲುದಾರಿಯೂ

ಲೋಹದ ಕಾರ್ಖಾನೆಗೆ ಅದಿರು ದೇಹವಾದರೆ ದಾರಿಯೇ ಪ್ರಾಣವು. ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದುದರಿಂದ, ಕಡಲಿಗೆ ದೂರವಾದ ನಮ್ಮ ಮಟಮಾರಿಯ ಸೀಮೆಗೂ ಎರಡು ರೇವುಗಳ ಸಂಬಂಧವುಂಟಾಯಿತು. ಕಡಲನ್ನೇ ಅಂಗಳವಾಗಿ ಪಡೆದ ಮಂಗಳೂರಿಗಾದರೋ ರೈಲು ಬಂದುದು 1907ರಲ್ಲಿ. ಅದೂ ಮಲೆಯಾಳದ ಕಡೆಯಿಂದ. ಹಾಸನದಿಂದ ಘಟ್ಟವಿಳಿಯುವ ಹಳಿ ಸಿದ್ಧವಾಗುವುದಕ್ಕೆ 1979ರವರೆಗೆ ಕಾಯಬೇಕಾಯಿತು.

ಕುದುರೆಮುಖದ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿರುವುದನ್ನು ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ಯರು 1913ರಲ್ಲಿಯೇ ಗುರುತಿಸಿದ್ದರು. ಅದು ಸತ್ತ್ವ ಕಡಮೆಯಾದ ಅದಿರು. ಮೇಲಾಗಿ ದುರ್ಗಮವಾದ ಕಾಡು. 1975ರಲ್ಲಿ ಇರಾನ್ ದೇಶವು 63 ಕೋಟಿ ಡಾಲರು ಸಾಲವೀಯಲು ಒಪ್ಪಲಾಗಿ, ಮರುವರ್ಷ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಸ್ಥಾಪಿತವಾಯಿತು. ಘಟ್ಟದಲ್ಲಿ ಹಳಿ ಹಾಸುವ ಗೋಜಿಗೆ ಹೋಗದೆ, ಅದಿರನ್ನು ಅರೆದು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿನ ಹೊಸ ಬಂದರಿಗೆ ಹರಿಯಿಸಿದರು. ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಕೊಳ್ಳಬೇಕಾದವರೇ ಹಿಂಜರಿದರು. ಬೇರೆ ಗಿರಾಕಿಗಳನ್ನು ಅರಸಬೇಕಾಯಿತು. 1987ರಲ್ಲಿ, ಪುಡಿಯನ್ನು ಸುಟ್ಟು ಪೆಲೆಟ್ ಎಂಬ ಗಟ್ಟಿಯುಂಡೆಗಳನ್ನು ಮಾಡುವ ಕಾರ್ಖಾನೆಯೂ, 2001ರಲ್ಲಿ ಬೀಡುಕಬ್ಬಿಣದ ಊದುಕುಲುಮೆಯೂ ಕಡಲ ತಡಿಯಲ್ಲಿ ಆರಂಭವಾದುವು.

ಹೀಗೆ ಒಂದೇ ಬೆಟ್ಟವನ್ನೂ ಒಂದೇ ಕೊಳವೆಯನ್ನೂ ನಂಬಿದ ಕಾರ್ಖಾನೆಗೆ ವಿಪತ್ತು ಬಾರದೆ ಇರಲಿಲ್ಲ. ಗಣಿಯು ಭದ್ರಾನದಿಯ ಉಗಮಪ್ರದೇಶದಲ್ಲಿತ್ತು. ಸುತ್ತಲಿನದು ರಾಷ್ಟ್ರೀಯೋದ್ಯಾನವಾದ ಅರಣ್ಯ. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಯನ್ನು ನಂಬಿದ್ದ ಸಂಸಾರಗಳು ಊರು ಬಿಡಬೇಕಾಯಿತು. ಊದುಕುಲುಮೆಯೂ 2009ರಲ್ಲಿ ಆರಿತು.

ಆಗ ನೆರವಾದುದು ದೂರದ ದಾರಿಗಳು. ಬಸ್ತರದ ಬೈಲದಿಲದ ಅದಿರು ರೈಲಿನಲ್ಲಿ ವಿಶಾಖಪಟ್ಟಣಕ್ಕಿಳಿದು, ಹಡಗೇರಿ ಪಣಂಬೂರನ್ನು ಸೇರತೊಡಗಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದ ತಪ್ಪಲಿಗೆ 57 ಸುರಂಗಗಳನ್ನು ಹಾಯ್ದಿಳಿಯುವ ಹಳಿಯನ್ನು ಅಗಲಮಾಡಿ 2006ರಲ್ಲಿ ಸಾಮಾನಿನ ಗಾಡಿಗಳಿಗೆ ತೆರೆಯಲಾಗಿ, ಬಳ್ಳಾರಿಯ ಅದಿರಿಗೂ ಮಂಗಳೂರಿನ ರೇವು ಸುಲಭವಾಯಿತು.

ಈ ವೃತ್ತಾಂತವು ಕರಾವಳಿಯವರಿಗೆ ಮಾತ್ರ ಸೇರಿದುದೆಂದು ವಾಚಕರು ಭಾವಿಸಬಾರದು. ಭದ್ರೆಯು ತುಂಗೆಯೊಡನೆ ಕೂಡಿ, ಎಡದಂಡೆಯ ಕಾಲುವೆಯಲ್ಲಿ ಮಾನ್ವಿಯ ಗದ್ದೆಗಳಿಗೆ ಬರುತ್ತಾಳೆ. ನಿಂತ ಗಣಿಯಿಂದ ಕೆಲವರ ಅನ್ನ ಹೋದುದು ದುಃಖವೇ ಸರಿ. ಅವರ ನಷ್ಟವನ್ನು ಲಘುವಾಗಿ ಕಾಣುವುದು ಧರ್ಮವಲ್ಲ. ಆದರೂ ಅದಿರನ್ನು ಸಾವಿರ ಹರದಾರಿಯಿಂದಲಾದರೂ ಹಳಿಯ ಮೇಲೆ ತರಬಹುದು; ಕೆಟ್ಟ ನದೀಮೂಲಕ್ಕೆ ಬದಲಾಗಿ ಮತ್ತೊಂದನ್ನು ತರುವ ಗಾಡಿಯು ಯಾವ ಹಳಿಯ ಮೇಲೂ ಇಲ್ಲ.