ಓಕ್ ಪಾರ್ಕ್ ಗ್ರಾಮವೂ ಅಲ್ಲಿ ಬಾಳಿದ ಮಹನೀಯರೂ

೧

ಒಂದು ಊರಿನ ಚರಿತ್ರೆಯನ್ನು ಬರೆಯುವವರು ಅಲ್ಲಿ ಹುಟ್ಟಿದ ಅಥವಾ ನೆಲಸಿದ ಪ್ರಸಿದ್ಧರ ಹೆಸರುಗಳನ್ನು ಪಟ್ಟಿಮಾಡುವುದು ಎಲ್ಲ ದೇಶಗಳಲ್ಲಿಯೂ ರೂಢಿಯಾಗಿರುವುದು. ಇಂತಹ ಪಟ್ಟಿಯಿಂದ ಊರಿನ ಅಭಿಮಾನವು ತೃಪ್ತಿಗೊಳ್ಳುವುದೇನೋ ನಿಜ. ಆದರೆ ಚರಿತ್ರೆಯ ಪ್ರಯೋಜನವು ಅಷ್ಟರಿಂದಲೇ ಸಿದ್ಧಿಸದು. ಬಾಲ್ಯದಲ್ಲಿಯೇ ಊರು ಬಿಟ್ಟವರೂ, ಬಾಳಿನ ಕೊನೆಯವರೆಗೆ ಅಲ್ಲಿಯೇ ಉಳಿದವರೂ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವರು. ಊರು ಆ ವ್ಯಕ್ತಿಗೆ ಏನನ್ನು ಕೊಟ್ಟಿತು, ಆ ವ್ಯಕ್ತಿಯಿಂದ ಊರು ಏನನ್ನು ಪಡೆಯಿತು, ಬದುಕಿದ್ದಾಗ ಊರು ಅವರನ್ನು ಹೇಗೆ ನಡೆಸಿಕೊಂಡಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದಾಗ ಮಾತ್ರ ಹೆಸರುಗಳ ಪಟ್ಟಿಯು ಚರಿತ್ರೆಯಾಗುವುದು. ಊರಿನ ಋಣ ಎಂಬ ಮಾತು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆ ಋಣವು ಒಂದೇ ಕಡೆಯದಲ್ಲ. ಊರಿಗೂ ತನ್ನ ಜನರ ಋಣವುಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಇಲಿನಾಯ್ ಸಂಸ್ಥಾನಕ್ಕೆ ಸೇರಿದ ಓಕ್ ಪಾರ್ಕ್ ಗ್ರಾಮವು ಈ ಪರೀಕ್ಷೆಗೆ ತಕ್ಕ ಉದಾಹರಣೆಯಾಗಿದೆ.

ಗ್ರಾಮವೆಂಬ ಮಾತು ಇಲ್ಲಿ ಸ್ವಲ್ಪ ವಿವರಣೆಯನ್ನು ಬೇಡುವುದು. ಓಕ್ ಪಾರ್ಕ್ ಬೇಸಾಯದ ಹಳ್ಳಿಯಲ್ಲ. ಅದು ಷಿಕಾಗೋ ನಗರದ ಮಧ್ಯಭಾಗದಿಂದ ಪಶ್ಚಿಮಕ್ಕೆ ಸುಮಾರು ೮ ಮೈಲಿ ದೂರದಲ್ಲಿ, ಆ ನಗರದ ಎಲ್ಲೆಗೆ ಹೊಂದಿಕೊಂಡಿರುವ ಉಪನಗರ. ಅದರ ವಿಸ್ತಾರ ೫ ಚದರ ಮೈಲಿಗಿಂತ ಕಡಮೆ. ೨೦೨೦ರ ಜನಗಣತಿಯಂತೆ ಜನಸಂಖ್ಯೆ ೫೪,೫೮೩. ಇಷ್ಟು ಜನರಿದ್ದರೂ ಅದು ಗ್ರಾಮವೆನಿಸಿಕೊಳ್ಳುವುದು ಆ ಸಂಸ್ಥಾನದ ಕಾನೂನಿನಿಂದ. ಅಲ್ಲಿ ಗ್ರಾಮವೆಂಬುದು ಸ್ಥಳೀಯ ಆಡಳಿತದ ಒಂದು ಬಗೆ. ಒಬ್ಬ ಅಧ್ಯಕ್ಷರೂ ಚುನಾಯಿತ ಸದಸ್ಯರ ಮಂಡಲಿಯೂ ಅದನ್ನು ಆಳುವರು.

೧೮೩೦ರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಿಂದ ಬಂದ ಜೋಸೆಫ್ ಕೆಟಲ್‌ಸ್ಟ್ರಿಂಗ್ಸ್ ಎಂಬವರು ಈ ಸ್ಥಳದಲ್ಲಿ ನೆಲಸಿದರು. ೧೮೪೮ರಲ್ಲಿ ರೈಲುದಾರಿ ಬಂದಿತು. ೧೮೭೧ರಲ್ಲಿ ಷಿಕಾಗೋ ನಗರದ ಬಹುಭಾಗವು ಬೆಂಕಿಗೆ ಆಹುತಿಯಾದ ಮೇಲೆ ಅನುಕೂಲಸ್ಥ ಕುಟುಂಬಗಳು ನಗರವನ್ನು ಬಿಟ್ಟು ಇತ್ತ ಬರತೊಡಗಿದುವು. ಸಿಸೆರೋ ಎಂಬ ದೊಡ್ಡ ಆಡಳಿತವಿಭಾಗದಿಂದ ಬೇರ್ಪಟ್ಟು ಓಕ್ ಪಾರ್ಕ್ ಪ್ರತ್ಯೇಕ ಗ್ರಾಮವಾದುದು ೧೯೦೨ರಲ್ಲಿ. ಮದ್ಯದಂಗಡಿಗೆ ಎಡೆಗೊಡಬಾರದೆಂಬುದು ಮೊದಲಿನಿಂದಲೂ ಅಲ್ಲಿನವರ ಸಂಕಲ್ಪ. ೧೯೭೩ರವರೆಗೂ ಅಲ್ಲಿ ಮದ್ಯದ ಮಾರಾಟಕ್ಕೆ ಅವಕಾಶವಿರಲಿಲ್ಲ. ಇಗರ್ಜಿಗಳು ಹೆಚ್ಚಾಗಿದ್ದುದರಿಂದ ಸುತ್ತಲಿನವರು ಅದನ್ನು ಸಾಧುಗಳ ವಿಶ್ರಾಂತಿಸ್ಥಾನವೆಂದು ಅರ್ಧ ಗೌರವದಿಂದಲೂ ಅರ್ಧ ಪರಿಹಾಸ್ಯದಿಂದಲೂ ಕರೆಯುತ್ತಿದ್ದರು. ಒಳ್ಳೆಯ ಶಾಲೆ, ನೆರಳಿನ ಬೀದಿ, ಕಟ್ಟುನಿಟ್ಟಾದ ಆಚಾರ, ಹೊರಗಿನವರ ವಿಷಯದಲ್ಲಿ ಎಚ್ಚರಿಕೆ: ಇವು ಊರಿನ ಲಕ್ಷಣಗಳು. ಮುಂದೆ ಹೇಳುವ ಮೂವರ ಬಾಳಿನಲ್ಲಿಯೂ ಈ ಲಕ್ಷಣಗಳು ಒಂದೊಂದು ರೀತಿಯಲ್ಲಿ ಫಲಿಸಿದುವು.

೨

ಮೊದಲು, ಹುಟ್ಟಿನಿಂದ ಅಥವಾ ಕೆಲವು ವರ್ಷಗಳ ವಾಸದಿಂದ ಮಾತ್ರ ಊರಿಗೆ ಸಂಬಂಧಪಟ್ಟವರ ಮಾತು. ನವೀನ ನೃತ್ಯದ ಪ್ರವರ್ತಕರಲ್ಲಿ ಒಬ್ಬರಾದ ಡಾರಿಸ್ ಹಂಫ್ರಿ ೧೮೯೫ರಲ್ಲಿ ಇಲ್ಲಿ ಜನಿಸಿದರು. ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್, ಮೆಕ್‌ಡೊನಾಲ್ಡ್ ಉಪಾಹಾರಗೃಹಗಳನ್ನು ಜಗತ್ತಿಗೆಲ್ಲ ಹರಡಿದ ರೇ ಕ್ರಾಕ್, ಇವರಿಬ್ಬರೂ ಹುಟ್ಟಿದ್ದು ೧೯೦೨ರಲ್ಲಿ, ಇದೇ ಊರಿನಲ್ಲಿ. ರಾಜರ್ಸರ ಕುಟುಂಬವು ಅವರು ಸುಮಾರು ೧೨ ವರ್ಷದ ಬಾಲಕನಾಗಿದ್ದಾಗ ಊರು ಬಿಟ್ಟು ಬೇಸಾಯದ ಭೂಮಿಯಲ್ಲಿ ನೆಲಸಿತು. ಟಾರ್ಜಾನನ ಕಥೆಗಳನ್ನು ಬರೆದ ಎಡ್ಗರ್ ರೈಸ್ ಬರೋಸ್ ೧೯೧೪ರಲ್ಲಿ ಇಲ್ಲಿ ಮನೆಮಾಡಿ ೧೯೧೯ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು. ಇವರೆಲ್ಲರ ಕೀರ್ತಿ ದೊಡ್ಡದು. ಆದರೆ ಆ ಕೀರ್ತಿಗೂ ಈ ಊರಿಗೂ ನಡುವಣ ಎಳೆ ತೆಳುವಾದುದು. ಬೇರೊಂದು ಊರಿನಲ್ಲಿ ಹುಟ್ಟಿದ್ದರೂ ಅವರ ಕಾರ್ಯವು ಇದೇ ಬಗೆಯಾಗಿ ನಡೆಯುತ್ತಿತ್ತೆಂದು ಭಾವಿಸಲು ಅಡ್ಡಿಯಿಲ್ಲ. ಇಲ್ಲದಿದ್ದರೆ ಊರೂ ವ್ಯಕ್ತಿಯೂ ಬೇರೆಯಾಗಿಬಿಡುತ್ತಿದ್ದರು ಎಂದು ಹೇಳಬಹುದಾದವರು ಮೂವರು: ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್, ಕಥೆಗಾರ ಅರ್ನೆಸ್ಟ್ ಹೆಮಿಂಗ್ವೇ, ರಸಾಯನಶಾಸ್ತ್ರಜ್ಞ ಪರ್ಸಿ ಜೂಲಿಯನ್.

೩

ರೈಟರು ೧೮೬೭ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಜನಿಸಿದವರು. ೧೮೮೯ರಲ್ಲಿ, ೨೨ನೆಯ ವಯಸ್ಸಿನಲ್ಲಿ, ತಮ್ಮ ಯಜಮಾನರಾದ ಶಿಲ್ಪಿ ಲೂಯಿ ಸಲ್ಲಿವನ್ನರಿಂದ ಸಾಲ ಪಡೆದು ಓಕ್ ಪಾರ್ಕಿನಲ್ಲಿ ಮನೆಯನ್ನು ಕಟ್ಟಿಕೊಂಡರು. ೧೮೯೮ರಲ್ಲಿ ಅದಕ್ಕೆ ಹೊಂದಿಸಿ ಕಾರ್ಯಶಾಲೆಯನ್ನು ನಿರ್ಮಿಸಿದರು. ನೆಲಕ್ಕೆ ತಗ್ಗಿ ಚಾಚಿದ ಸೂರು, ಸಾಲುಸಾಲಾದ ಕಿಟಕಿಗಳು, ಒಂದರೊಳಗೊಂದು ತೆರೆದುಕೊಳ್ಳುವ ಕೋಣೆಗಳು: ಹುಲ್ಲುಗಾವಲಿನ ಶೈಲಿ ಎಂದು ಹೆಸರಾದ ಈ ಮನೆಯ ಮಾದರಿ ರೂಪುಗೊಂಡುದು ಇಲ್ಲಿಯೇ. ತರುಣ ಶಿಲ್ಪಿಗೆ ಹೊಸತನದ ಜೊತೆಗೆ ಅದನ್ನು ಕಟ್ಟಿಸಲು ಒಪ್ಪುವ ಗೃಹಸ್ಥರೂ ಬೇಕು. ಓಕ್ ಪಾರ್ಕ್ ಅವರಿಗೆ ಕೊಟ್ಟುದು ಇದನ್ನೇ. ನೆರೆಹೊರೆಯ ಅನುಕೂಲಸ್ಥರು ತಮ್ಮ ಮನೆಗಳನ್ನು ಅವರ ಕೈಗೆ ಒಪ್ಪಿಸಿದರು. ಆ ಊರೊಂದರಲ್ಲಿಯೇ ಅವರ ಕೃತಿಗಳು ಸುಮಾರು ೨೫ ಇರುವುವು.

೧೯೦೫ರಲ್ಲಿ ಸಿಡಿಲು ಬಡಿದು ಊರಿನ ಒಂದು ಇಗರ್ಜಿ ಸುಟ್ಟುಹೋಯಿತು. ಅದರ ಬದಲಿಗೆ ರೈಟರು ಕಟ್ಟಿದ ಯೂನಿಟಿ ಟೆಂಪಲ್ ಎಂಬ ಪ್ರಾರ್ಥನಾಮಂದಿರಕ್ಕೆ ಗೋಪುರವಿಲ್ಲ. ಅಚ್ಚಿನಲ್ಲಿ ಎರಕಹೊಯ್ದ ಕಾಂಕ್ರೀಟಿನ ಗೋಡೆಗಳೇ ಹೊರಮೈ. ಹಣ ಕಡಮೆಯಿದ್ದುದರಿಂದ ಆರಿಸಿದ ಅಗ್ಗದ ಸಾಮಗ್ರಿಯೇ ಹೊಸ ಶಿಲ್ಪಕ್ಕೆ ಕಾರಣವಾಯಿತು. ೨೦೧೯ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ಕಾರ್ಯಶಾಲೆಯಲ್ಲಿ ದುಡಿದವರಲ್ಲಿ ವಾಲ್ಟರ್ ಬರ್ಲಿ ಗ್ರಿಫಿನ್ ಒಬ್ಬರು. ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದ ನಕ್ಷೆಯನ್ನು ರಚಿಸಿದ ಈ ಶಿಲ್ಪಿ ೧೯೩೫ರಲ್ಲಿ ಭಾರತಕ್ಕೆ ಬಂದು ೧೯೩೭ರಲ್ಲಿ ಲಖನೌ ನಗರದಲ್ಲಿ ತೀರಿಕೊಂಡರು.

ಹೀಗೆ ೨೦ ವರ್ಷ ನಡೆದ ಸಂಬಂಧವು ೧೯೦೯ರಲ್ಲಿ ಕಡಿಯಿತು. ರೈಟರು ಹೆಂಡತಿಯನ್ನೂ ಆರು ಮಂದಿ ಮಕ್ಕಳನ್ನೂ ಬಿಟ್ಟು, ತಾವೇ ಮನೆ ಕಟ್ಟಿಕೊಟ್ಟಿದ್ದ ನೆರೆಯ ಗೃಹಸ್ಥರೊಬ್ಬರ ಪತ್ನಿ ಮೇಮಾ ಚೀನಿ ಎಂಬವರೊಡನೆ ಯೂರೋಪಿಗೆ ಹೊರಟರು. ಇದರಲ್ಲಿ ಊರನ್ನು ದೂರುವುದು ನ್ಯಾಯವಲ್ಲ. ಸಂಸಾರವನ್ನು ತೊರೆದವರು ಅವರೇ. ಊರಿನವರ ಕೋಪವೂ ಸಂಪೂರ್ಣವಾಗಿರಲಿಲ್ಲ. ಅವರ ಹಳೆಯ ಗಿರಾಕಿಗಳಲ್ಲೊಬ್ಬರಾದ ನೇಥನ್ ಮೂರ್ ತಮ್ಮ ಮನೆ ೧೯೨೨ರಲ್ಲಿ ಬೆಂಕಿಯಿಂದ ಹಾಳಾದಾಗ ಅದನ್ನು ಮತ್ತೆ ಕಟ್ಟಲು ಕರೆದುದು ರೈಟರನ್ನೇ. ಆದರೂ ಊರು ಅವರನ್ನು ತನ್ನವರೆಂದು ಬಹಿರಂಗವಾಗಿ ಸಾರಲು ಬಹುಕಾಲ ಹಿಡಿಯಿತು. ಅವರ ಮನೆಯನ್ನೂ ಕಾರ್ಯಶಾಲೆಯನ್ನೂ ಉಳಿಸುವುದಕ್ಕಾಗಿ ಸಂಸ್ಥೆಯೊಂದು ಹುಟ್ಟಿದುದು ೧೯೭೪ರಲ್ಲಿ. ಅಷ್ಟರಲ್ಲಿ ಅವರು ಕಾಲವಾಗಿ ೧೫ ವರ್ಷಗಳು ಸಂದಿದ್ದುವು.

೪

ಹೆಮಿಂಗ್ವೇಯವರು ಊರಿನಲ್ಲಿಯೇ ಹುಟ್ಟಿ ಬೆಳೆದವರು. ೧೮೯೯ನೆಯ ಜುಲೈ ೨೧ರಂದು ತಾಯಿಯ ತಂದೆಯ ಮನೆಯಲ್ಲಿ ಜನಿಸಿದರು. ತಂದೆ ಕ್ಲಾರೆನ್ಸ್ ವೈದ್ಯರು. ಬೇಟೆಯನ್ನೂ ಮೀನು ಹಿಡಿಯುವುದನ್ನೂ ಮಗನಿಗೆ ಕಲಿಸಿದವರು. ತಾಯಿ ಗ್ರೇಸ್ ಸಂಗೀತ ವಿದುಷಿ. ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು ಅವರು ಓದಿದ ಪ್ರೌಢಶಾಲೆ. ೧೯೧೭ರಲ್ಲಿ ಅಲ್ಲಿಂದ ಉತ್ತೀರ್ಣರಾಗುವ ಮೊದಲೇ ಶಾಲೆಯ ಸಾಹಿತ್ಯಪತ್ರಿಕೆಯಲ್ಲಿ ಅವರ ಮೂರು ಕಥೆಗಳು ಅಚ್ಚಾಗಿದ್ದುವು. ಶಾಲೆಯ ಸಮಾಚಾರಪತ್ರಿಕೆಗೂ ಅವರು ಬರೆಯುತ್ತಿದ್ದರು. ಫ್ಯಾನಿ ಬಿಗ್ಸ್, ಮಾರ್ಗರೆಟ್ ಡಿಕ್ಸನ್ ಎಂಬ ಇಬ್ಬರು ಉಪಾಧ್ಯಾಯಿನಿಯರು ಅವರ ಬರಹವನ್ನು ಪ್ರೋತ್ಸಾಹಿಸಿದರು. ಅವರು ಕಾಲೇಜಿನ ಮೆಟ್ಟಿಲನ್ನು ಹತ್ತಲಿಲ್ಲ. ಆದುದರಿಂದ ಅವರು ಕ್ರಮವಾಗಿ ಪಡೆದ ಸಾಹಿತ್ಯಶಿಕ್ಷಣವೆಲ್ಲ ಆ ಗ್ರಾಮದ ಶಾಲೆಯದೇ.

೧೯೧೮ರಲ್ಲಿ ಇಟಲಿಯ ರಣರಂಗದಲ್ಲಿ ಗಾಯಗೊಂಡು ಮರಳಿದಾಗ ಊರು ಅವರನ್ನು ವೀರನೆಂದು ಬರಮಾಡಿಕೊಂಡಿತು. ೧೯೧೯ರಲ್ಲಿ ತಮ್ಮ ಶಾಲೆಯ ಸಭೆಯಲ್ಲಿ ಅವರು ಯುದ್ಧದ ಅನುಭವವನ್ನು ಕುರಿತು ಮಾತನಾಡಿದರು. ಬರಹಗಾರನಿಗೆ ಮಾತ್ರ ಆ ಸ್ವಾಗತ ದೊರೆಯಲಿಲ್ಲ. ೧೯೨೪ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಅವರ ಚಿಕ್ಕ ಕಥಾಸಂಗ್ರಹವನ್ನು ತಂದೆತಾಯಿಗಳು ಓದಿ, ಅಸಭ್ಯವೆಂದು ಬಗೆದು, ತರಿಸಿದ್ದ ಪ್ರತಿಗಳನ್ನು ಪ್ರಕಾಶಕರಿಗೆ ಹಿಂದಕ್ಕೆ ಕಳುಹಿಸಿದರೆಂದು ಅಕ್ಕ ಮಾರ್ಸೆಲಿನ್ ತಮ್ಮ ಸ್ಮರಣಗ್ರಂಥದಲ್ಲಿ ಬರೆದಿರುವರು. ಮದ್ಯದಂಗಡಿಯಿಲ್ಲದ ಊರಿನ ಮಗನು ಮದ್ಯಪಾನಿಗಳ, ಸೈನಿಕರ, ಮನೆಯಿಲ್ಲದವರ ಕಥೆಗಾರನಾದುದನ್ನು ಆ ಮನೆ ಸಹಿಸಲಾರದೆ ಹೋಯಿತು. ಅವರೂ ಊರಿಗೆ ದೂರವಾದರು. ಬಾಲ್ಯವನ್ನು ನೆನೆದು ಬರೆದ ನಿಕ್ ಆಡಮ್ಸನ ಕಥೆಗಳಿಗೆ ಮಿಷಿಗನ್ನಿನ ಕಾಡೂ ಸರೋವರವೂ ರಂಗವಾದುವೇ ಹೊರತು ಓಕ್ ಪಾರ್ಕಿನ ಬೀದಿಗಳಲ್ಲ.

ಈ ಊರಿನಲ್ಲಿ ಹುಲ್ಲಿನ ಅಂಗಳಗಳು ವಿಶಾಲ, ಮನಸ್ಸುಗಳು ಇಕ್ಕಟ್ಟು ಎಂಬ ಅರ್ಥದ ಮಾತೊಂದನ್ನು ಹೆಮಿಂಗ್ವೇ ಆಡಿದರೆಂದು ಪ್ರತೀತಿಯುಂಟು. ಅವರ ಕೃತಿಗಳಲ್ಲಾಗಲಿ ಪತ್ರಗಳಲ್ಲಾಗಲಿ ಅದಕ್ಕೆ ಆಧಾರವನ್ನು ಯಾರೂ ತೋರಿಸಿಲ್ಲ. ಆಧಾರವಿಲ್ಲದ ಮಾತಿನಿಂದ ಊರನ್ನು ಅಳೆಯುವುದಕ್ಕಿಂತ, ಊರೇ ನಡೆದುಕೊಂಡ ರೀತಿಯಿಂದ ಅಳೆಯುವುದು ಯುಕ್ತ. ಆ ಪರೀಕ್ಷೆಯು ಜೂಲಿಯನ್ನರ ಕಾಲದಲ್ಲಿ ಬಂದೊದಗಿತು.

೫

ಪರ್ಸಿ ಲಾವನ್ ಜೂಲಿಯನ್ ಹೆಮಿಂಗ್ವೇ ಹುಟ್ಟಿದ ವರ್ಷದಲ್ಲಿಯೇ, ೧೮೯೯ರಲ್ಲಿ, ದಕ್ಷಿಣದ ಅಲಬಾಮಾ ಸಂಸ್ಥಾನದ ಮಾಂಟ್‌ಗಮರಿಯಲ್ಲಿ ಜನಿಸಿದರು. ಅವರ ಅಜ್ಜ ಗುಲಾಮರಾಗಿದ್ದವರು. ತಂದೆ ರೈಲ್ವೆ ಅಂಚೆಯ ಗುಮಾಸ್ತರು. ಆಫ್ರಿಕಮೂಲದ ಮಕ್ಕಳಿಗೆ ಆ ಊರಿನಲ್ಲಿ ಎಂಟನೆಯ ತರಗತಿಯಿಂದಾಚೆಗೆ ಸರಿಯಾದ ಸರ್ಕಾರಿ ಶಾಲೆಯಿರಲಿಲ್ಲ. ಇಂಡಿಯಾನಾ ಸಂಸ್ಥಾನದ ಡಿಪಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಕೆಳಗಿನ ಪಾಠಗಳನ್ನೂ ಜೊತೆಗೇ ಕಲಿಯಬೇಕಾಯಿತು. ೧೯೨೦ರಲ್ಲಿ ತರಗತಿಗೆ ಮೊದಲಿಗರಾಗಿ ಹೊರಬಂದರು. ೧೯೨೩ರಲ್ಲಿ ಹಾರ್ವರ್ಡಿನಿಂದ ಎಂ. ಎ., ೧೯೩೧ರಲ್ಲಿ ವಿಯೆನ್ನಾದಿಂದ ಡಾಕ್ಟರ್ ಪದವಿ. ೧೯೩೫ರಲ್ಲಿ, ಗ್ಲಾಕೋಮಾ ಎಂಬ ಕಣ್ಣಿನ ರೋಗಕ್ಕೆ ಬಳಸುವ ಫೈಸೊಸ್ಟಿಗ್ಮಿನ್ ಎಂಬ ವಸ್ತುವನ್ನು ಜೋಸೆಫ್ ಪಿಕ್ಲ್ ಎಂಬ ಸಹೋದ್ಯೋಗಿಯೊಡನೆ ಪ್ರಯೋಗಶಾಲೆಯಲ್ಲಿ ಪೂರ್ಣವಾಗಿ ಸಂಯೋಜಿಸಿದರು. ಇಷ್ಟಾದರೂ ವರ್ಣದ ಕಾರಣದಿಂದ ಪ್ರಾಧ್ಯಾಪಕಪದವಿ ದೊರೆಯಲಿಲ್ಲ. ೧೯೩೬ರಲ್ಲಿ ಷಿಕಾಗೋದಲ್ಲಿದ್ದ ಗ್ಲಿಡನ್ ಕಂಪೆನಿಯ ಸೋಯಾ ವಿಭಾಗದಲ್ಲಿ ಸಂಶೋಧನಾಧಿಕಾರಿಯಾಗಿ ನಿಂತರು. ಸೋಯಾ ಅವರೆಯ ಎಣ್ಣೆಯಿಂದ ಪ್ರೊಜೆಸ್ಟರೋನ್ ಮೊದಲಾದ ಔಷಧಗಳನ್ನು ಅಗ್ಗವಾಗಿ ತಯಾರಿಸುವ ದಾರಿಯನ್ನು ಕಂಡುಹಿಡಿದರು. ಅವರ ವಿಭಾಗವು ತಯಾರಿಸಿದ ಸೋಯಾ ಪ್ರೋಟೀನಿನಿಂದ ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಬೆಂಕಿಯನ್ನು ಆರಿಸುವ ನೊರೆಯು ಸಿದ್ಧವಾಯಿತು.

೧೯೫೦ರಲ್ಲಿ ಜೂಲಿಯನ್ನರೂ ಅವರ ಪತ್ನಿ, ಸಮಾಜಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದಿದ್ದ ಆನಾ ಜೂಲಿಯನ್ನರೂ ಓಕ್ ಪಾರ್ಕಿನ ಈಸ್ಟ್ ಅವೆನ್ಯೂ ಎಂಬ ಬೀದಿಯಲ್ಲಿ ಮನೆಯನ್ನು ಕೊಂಡರು. ಅದೇ ವರ್ಷ ಷಿಕಾಗೋದ ಪತ್ರಿಕೆಯೊಂದು ಅವರನ್ನು ವರ್ಷದ ನಾಗರಿಕರೆಂದು ಆರಿಸಿತ್ತು. ಆಗ ಗ್ರಾಮದಲ್ಲಿ ಆಫ್ರಿಕಮೂಲದ ಕುಟುಂಬಗಳು ಬೆರಳೆಣಿಕೆಯವು. ಕುಟುಂಬವು ಮನೆಯೊಳಗೆ ಕಾಲಿಡುವ ಮೊದಲೇ, ನವೆಂಬರಿನಲ್ಲಿ, ಕೃತಜ್ಞತಾದಿನದ ಹಬ್ಬದ ಸಮಯದಲ್ಲಿ, ದುಷ್ಕರ್ಮಿಗಳು ಒಳಹೊಕ್ಕು ಬೆಂಕಿಯಿಡಲು ಯತ್ನಿಸಿದರು. ಬೆಂಕಿಯನ್ನು ಆರಿಸುವ ಉಪಾಯಕ್ಕೆ ನೆರವಾದವರ ಮನೆಗೇ ಬೆಂಕಿ. ೧೯೫೧ನೆಯ ಜೂನಿನಲ್ಲಿ ಮಕ್ಕಳು ಮಲಗುವ ಕೋಣೆಯ ಹೊರಗೆ ಡೈನಮೈಟು ಸಿಡಿಯಿತು. ದೈವವಶಾತ್ ಯಾರಿಗೂ ಗಾಯವಾಗಲಿಲ್ಲ. ಜಗತ್ಪ್ರಸಿದ್ಧನಾದ ವಿಜ್ಞಾನಿ ಮಗನೊಡನೆ ಕೋವಿ ಹಿಡಿದು ರಾತ್ರಿ ತನ್ನ ಮನೆಯನ್ನು ತಾನೇ ಕಾಯಬೇಕಾಯಿತು.

ಊರೆಲ್ಲವೂ ಒಂದೇ ಮನಸ್ಸಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಈ ಕೃತ್ಯವನ್ನು ಖಂಡಿಸಿ ಜೂಲಿಯನ್ನರ ಬೆಂಬಲಕ್ಕೆ ನಿಂತ ನೆರೆಯವರೂ ಇದ್ದರು. ಜೂಲಿಯನ್ನರು ಮನೆಯನ್ನು ಮಾರಲಿಲ್ಲ. ಅದೇ ದಶಕದಲ್ಲಿ ತಮ್ಮ ಸ್ವಂತ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ೧೯೬೧ರಲ್ಲಿ ಅದನ್ನು ೨೦ ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಮಾರಿದರು. ೧೯೭೩ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಎಲ್ಲಿ ಬೇಕಾದರೂ ಹೋಗಬಲ್ಲಷ್ಟು ಹಣವೂ ಕೀರ್ತಿಯೂ ಇದ್ದರೂ ೧೯೭೫ರಲ್ಲಿ ಕಾಲವಾಗುವವರೆಗೆ ಅವರು ಓಕ್ ಪಾರ್ಕಿನ ನಿವಾಸಿಯಾಗಿಯೇ ಉಳಿದರು.

ಈ ನಡುವೆ ಊರು ಬದಲಾಗುತ್ತಿತ್ತು. ಎಲ್ಲೆಗೆ ಹೊಂದಿದ್ದ ಷಿಕಾಗೋದ ಆಸ್ಟಿನ್ ಭಾಗದಲ್ಲಿ, ಕರಿಯರು ಬಂದರೆ ಬೆಲೆ ಬೀಳುವುದೆಂಬ ಭೀತಿಯನ್ನು ಮನೆ ದಲ್ಲಾಳಿಗಳು ಹಬ್ಬಿಸಿ, ಬಿಳಿಯರು ಬೀದಿಬೀದಿಯಾಗಿ ಮನೆ ಮಾರಿ ಓಡುವಂತೆ ಮಾಡಿದ್ದರು. ಓಕ್ ಪಾರ್ಕ್ ಬೇರೆ ದಾರಿಯನ್ನು ಹಿಡಿಯಿತು. ೧೯೬೮ನೆಯ ಮೇ ತಿಂಗಳಲ್ಲಿ ಗ್ರಾಮಮಂಡಲಿಯು ಮನೆಗಳ ಮಾರಾಟದಲ್ಲಿಯೂ ಬಾಡಿಗೆಯಲ್ಲಿಯೂ ಜನಾಂಗಭೇದವನ್ನು ನಿಷೇಧಿಸುವ ಕಟ್ಟಳೆಯನ್ನು ಮಾಡಿತು. ೧೯೭೨ರಲ್ಲಿ ರಾಬರ್ಟಾ ರೇಮಂಡ್ ಎಂಬವರು ಸ್ಥಾಪಿಸಿದ ವಸತಿಕೇಂದ್ರವು, ಬಿಳಿಯರೂ ಕರಿಯರೂ ಬೇರೆಬೇರೆ ಬೀದಿಗಳಲ್ಲಿ ಗುಂಪುಗೂಡದೆ ಊರೆಲ್ಲ ಬೆರೆತು ನೆಲಸುವಂತೆ ಮನೆ ಹುಡುಕುವವರಿಗೆ ಸಲಹೆ ಕೊಡುತ್ತ ಬಂದಿತು. ೧೯೭೦ರಲ್ಲಿ ಗ್ರಾಮದ ಆಫ್ರಿಕಮೂಲದ ನಿವಾಸಿಗಳು ನೂರಕ್ಕೆ ಒಬ್ಬರೂ ಇರಲಿಲ್ಲ. ೨೦೨೦ರ ವೇಳೆಗೆ ಆರರಲ್ಲಿ ಒಂದು ಪಾಲನ್ನು ಮೀರಿದರು. ಇದೆಲ್ಲವೂ ಜೂಲಿಯನ್ನರೊಬ್ಬರಿಂದಲೇ ಆಯಿತೆನ್ನುವುದು ಅತಿಶಯೋಕ್ತಿ. ಕಟ್ಟಳೆಯು ಅನೇಕರ ಶ್ರಮದ ಫಲ. ದೇಶದಲ್ಲೆಲ್ಲ ಆಗ ನಡೆಯುತ್ತಿದ್ದ ಹೋರಾಟದ ಒಂದಂಶ. ಆದರೆ ಕರಿಯ ಕುಟುಂಬವು ಬಂದರೆ ಊರು ಕೆಡುವುದೆಂಬ ವಾದಕ್ಕೆ, ೧೮ ವರ್ಷ ಮೊದಲೇ ಬಂದು ನಿಂತ ಆ ಮನೆಯು ಪ್ರತಿದಿನವೂ ಉತ್ತರವಾಗಿತ್ತು.

೬

೧೯೮೫ರಲ್ಲಿ ಹಾಥಾರ್ನ್ ಎಂಬ ಕಥೆಗಾರನ ಹೆಸರಿದ್ದ ಊರಿನ ಶಾಲೆಯೊಂದಕ್ಕೆ ಪರ್ಸಿ ಜೂಲಿಯನ್ನರ ಹೆಸರನ್ನಿಟ್ಟರು. ಹೆಮಿಂಗ್ವೇ ಹುಟ್ಟಿದ ಮನೆಯನ್ನು ೧೯೯೨ರಲ್ಲಿ ಅಭಿಮಾನಿಗಳ ಸಂಸ್ಥೆಯು ಕೊಂಡು ಜೀರ್ಣೋದ್ಧಾರ ಮಾಡಿತು. ಇಂದು ಈ ಮೂವರ ಹೆಸರೂ ಗ್ರಾಮದ ಪ್ರಸಿದ್ಧರ ಪಟ್ಟಿಯಲ್ಲಿ ಒಟ್ಟಿಗೆ ಕಾಣುವುವು. ಚರಿತ್ರೆಯ ದೃಷ್ಟಿಗೆ ಅವರಲ್ಲಿ ಭೇದವಿದೆ. ಊರು ಗಿರಾಕಿಗಳನ್ನು ಕೊಟ್ಟಿತು. ರೈಟರು ಕಟ್ಟಡಗಳನ್ನು ಕೊಟ್ಟು ಹೋದರು. ಊರು ವಿದ್ಯೆಯನ್ನು ಕೊಟ್ಟಿತು. ಹೆಮಿಂಗ್ವೇ ಹೆಸರನ್ನು ಕೊಟ್ಟು ಹೋದರು. ಜೂಲಿಯನ್ನರಿಗೆ ಊರು ಮೊದಲು ಕೊಟ್ಟುದು ಬೆಂಕಿಯನ್ನು, ಅವರು ಹೋಗಲಿಲ್ಲ.

ಆದುದರಿಂದ ಪ್ರಸಿದ್ಧರ ಪಟ್ಟಿಯನ್ನು ಬರೆಯುವವರು ಹುಟ್ಟಿದ ತಾರೀಖಿನ ಜೊತೆಗೆ ಊರು ಅವರನ್ನು ಎದುರುಗೊಂಡ ರೀತಿಯನ್ನೂ ಬರೆಯುವುದು ಕರ್ತವ್ಯ. ಸತ್ತವರನ್ನು ಗೌರವಿಸುವುದು ಯಾವ ಊರಿಗೂ ಕಷ್ಟವಲ್ಲ. ಶಾಲೆಗೆ ಜೂಲಿಯನ್ನರ ಹೆಸರಿಟ್ಟಾಗ ಓಕ್ ಪಾರ್ಕ್ ಅವರ ಋಣವನ್ನು ಒಪ್ಪಿಕೊಂಡಿತು; ಆದರೆ ಅದನ್ನು ತೀರಿಸತೊಡಗಿದುದು ಅದಕ್ಕೂ ಮೊದಲು, ಅವರಿನ್ನೂ ಬದುಕಿದ್ದಾಗ, ಅವರ ನೆರೆಯಲ್ಲಿ ಅವರಂಥವರೂ ಮನೆ ಕೊಳ್ಳಬಹುದೆಂಬ ಕಟ್ಟಳೆಯನ್ನು ಬರೆದ ದಿನದಿಂದ.