ಅವಿರೋಧದ ನ್ಯಾಯ ಮತ್ತು ಬೈಬಲಿನ ವಿರೋಧಗಳು: ಮಳಖೇಡದ ಶಾಸ್ತ್ರಪರಂಪರೆಯ ಬೆಳಕಿನಲ್ಲಿ ಒಂದು ಪರಿಶೀಲನೆ

ಬೈಬಲಿನ ಕೆಲವು ಮಾತುಗಳು ಒಂದಕ್ಕೊಂದು ಕೂಡಿಬರುವುದಿಲ್ಲವೆಂಬ ಸಂಗತಿ ಅದನ್ನು ಪವಿತ್ರವೆಂದು ಕಾಪಾಡಿದವರಿಗೇ ಮೊದಲು ತಿಳಿದಿತ್ತು. ಯೆಹೆಜ್ಕೇಲನ ಗ್ರಂಥದ ಬಲಿವಿಧಿಗಳು ಮೋಶೆಯ ಧರ್ಮಶಾಸ್ತ್ರದ ವಿಧಿಗಳೊಂದಿಗೆ ಹೊಂದುವುದಿಲ್ಲ. ಆ ಕಾರಣಕ್ಕೆ ಆ ಗ್ರಂಥವನ್ನೇ ಬಳಕೆಯಿಂದ ತೆಗೆದಿಡುವ ಮಾತು ಎದ್ದಾಗ ಹನನ್ಯ ಬೆನ್ ಹಿಜ್ಕೀಯ ಎಂಬ ಪಂಡಿತ ಮಾಳಿಗೆಯ ಕೋಣೆ ಹೊಕ್ಕು, ದೀಪಕ್ಕೆ 300 ಗಡಿಗೆ ಎಣ್ಣೆ ಉರಿಸಿ, ಎರಡನ್ನೂ ಹೊಂದಿಸಿ ಹೊರಬಂದನೆಂದು ಯೆಹೂದ್ಯರ ತಾಲ್ಮೂದ್ ಹೇಳುತ್ತದೆ. ಅವನು ಹೇಗೆ ಹೊಂದಿಸಿದನೆಂಬುದನ್ನು ಆ ಕಥೆ ಹೇಳುವುದಿಲ್ಲ. ಉರಿದ ಎಣ್ಣೆಯ ಲೆಕ್ಕ ಮಾತ್ರ ಉಳಿದಿದೆ.

ಶ್ರುತಿವಾಕ್ಯಗಳೇ ಪರಸ್ಪರ ಎದುರು ನಿಂತರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಅಷ್ಟೇ ಶ್ರದ್ಧೆಯಿಂದ ಎದುರಿಸಿದ ಪರಂಪರೆಯೊಂದರ ನೆಲೆ ಕಲಬುರಗಿ ಸೀಮೆಯಲ್ಲಿದೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಜೈನ ಪುರಾಣಸಾಹಿತ್ಯ ಬೆಳೆದ ರಾಜಧಾನಿ. ‘ನ್ಯಾಯಸುಧಾ’ ಬರೆದ 14ನೆಯ ಶತಮಾನದ ಜಯತೀರ್ಥರ, ಅಂದರೆ ಟೀಕಾಚಾರ್ಯರ, ವೃಂದಾವನ ಉತ್ತರಾದಿ ಮಠದ ಸಂಪ್ರದಾಯದಂತೆ ಇರುವುದೂ ಇಲ್ಲಿಯೇ. ಅವರು ವಿವರಿಸಿದ ಬ್ರಹ್ಮಸೂತ್ರದರ್ಶನದ ಎರಡನೆಯ ಅಧ್ಯಾಯಕ್ಕೆ ‘ಅವಿರೋಧ’ವೆಂದೇ ಹೆಸರು. ಬೈಬಲಿನ ವಿರೋಧಗಳ ಚರ್ಚೆ ಕನ್ನಡದಲ್ಲಿ ಬಹುಪಾಲು ಇಂಗ್ಲಿಷಿನ ಪರಿಭಾಷೆಯನ್ನು ಆಶ್ರಯಿಸಿದೆ. ಲಿಪಿಪ್ರಮಾದ, ವಿಕಲ್ಪ, ತಾತ್ಪರ್ಯ, ಸಾವಕಾಶ, ನಿರವಕಾಶ ಎಂಬ ಹತ್ತಿರದ ಮಾತುಗಳು ಈ ಕೆಲಸಕ್ಕೆ ಎಷ್ಟು ಒದಗುತ್ತವೆ, ಎಲ್ಲಿ ಒದಗುವುದಿಲ್ಲ ಎಂಬುದು ಇಲ್ಲಿಯ ವಿಷಯ.

ಸೃಷ್ಟಿಯ ಕ್ರಮದಿಂದಲೇ ಆರಂಭಿಸಬಹುದು. ತೈತ್ತಿರೀಯ ಉಪನಿಷತ್ತಿನಲ್ಲಿ ಆತ್ಮನಿಂದ ಮೊದಲು ಹುಟ್ಟುವುದು ಆಕಾಶ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಸತ್ತಿನಿಂದ ಮೊದಲು ಬರುವುದು ತೇಜಸ್ಸು. ಆಕಾಶದ ಸುದ್ದಿಯೇ ಅಲ್ಲಿಲ್ಲ. ಅವಿರೋಧಾಧ್ಯಾಯದ ಮೂರನೆಯ ಪಾದ ಈ ತೊಡಕಿನಿಂದಲೇ ತೊಡಗುತ್ತದೆ. ಹೇಳದೆ ಬಿಟ್ಟದ್ದು ಇಲ್ಲವೆಂದಂತಲ್ಲ, ಒಂದು ಶ್ರುತಿಯ ಮೌನವನ್ನು ಇನ್ನೊಂದರ ಮಾತು ತುಂಬುತ್ತದೆ ಎಂಬುದು ಅಲ್ಲಿಯ ಪರಿಹಾರದ ತಿರುಳು. ಕ್ರಿ.ಶ. 400ರ ಸುಮಾರಿಗೆ ನಾಲ್ಕು ಸುವಾರ್ತೆಗಳ ಸಾಮರಸ್ಯವನ್ನು ಕುರಿತು ಗ್ರಂಥ ಬರೆದ ಅಗಸ್ಟೀನನೂ ಇದೇ ನ್ಯಾಯವನ್ನು ಮತ್ತೆ ಮತ್ತೆ ಬಳಸುತ್ತಾನೆ: ಒಬ್ಬ ಸುವಾರ್ತಿಕನು ಬಿಟ್ಟದ್ದನ್ನು ಇನ್ನೊಬ್ಬನು ಹೇಳಿದರೆ ಅದು ವಿರೋಧವಾಗುವುದಿಲ್ಲ.

ಆದಿಕಾಂಡದ ಮೊದಲ ಎರಡು ಅಧ್ಯಾಯಗಳ ತೊಡಕು ಮಾತ್ರ ಈ ನ್ಯಾಯಕ್ಕೆ ಜಗ್ಗುವುದಿಲ್ಲ. ಮೊದಲನೆಯದರಲ್ಲಿ ಗಿಡಮರ ಮೂರನೆಯ ದಿನ, ಪ್ರಾಣಿಪಕ್ಷಿಗಳು ಐದು ಮತ್ತು ಆರನೆಯ ದಿನ, ಕೊನೆಗೆ ಗಂಡುಹೆಣ್ಣುಗಳೆರಡೂ ಒಟ್ಟಿಗೆ. ಎರಡನೆಯದರಲ್ಲಿ ನೆಲದಲ್ಲಿ ಇನ್ನೂ ಗಿಡ ಹುಟ್ಟದಿರುವಾಗಲೇ ಮನುಷ್ಯನ ಸೃಷ್ಟಿ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕಡೆಗೆ ಸ್ತ್ರೀ. ಇಲ್ಲಿ ಒಂದು ಕಡೆ ಮೌನ, ಇನ್ನೊಂದು ಕಡೆ ಮಾತು ಎಂಬ ಸ್ಥಿತಿಯಿಲ್ಲ. ಎರಡೂ ಕಡೆ ಕ್ರಮವನ್ನು ಬಾಯಿಬಿಟ್ಟು ಹೇಳಿದೆ. ಎರಡನೆಯ ಅಧ್ಯಾಯ ಆರನೆಯ ದಿನದ ವಿಸ್ತೃತ ವರ್ಣನೆಯೆಂಬುದು ಹಳೆಯ ಸಮಾಧಾನ. ಫ್ರಾನ್ಸಿನ ವೈದ್ಯ ಜಾನ್ ಆಸ್ತ್ರುಕ್ 1753ರಲ್ಲಿ ಬೇರೊಂದು ದಾರಿ ತೋರಿಸಿದನು: ದೇವರಿಗೆ ಬಳಸಿದ ಹೆಸರುಗಳನ್ನು ಹಿಡಿದು ಹೋದರೆ ಎರಡು ಮೂಲಗಳು ಬೇರೆಬೇರೆಯಾಗಿ ಕಾಣುತ್ತವೆ. ಇದಕ್ಕೆ ಹೀಬ್ರೂ ಬಲ್ಲವರೇ ಬೇಕೆಂದಿಲ್ಲ. ಮೊದಲ ಅಧ್ಯಾಯದಲ್ಲಿ ‘ದೇವರು’, ಎರಡನೆಯದರ ಮೊದಲ ಕೆಲವು ವಚನಗಳು ದಾಟಿದೊಡನೆ ‘ಯೆಹೋವ ದೇವರು’ ಎಂಬ ವ್ಯತ್ಯಾಸವನ್ನು ಕನ್ನಡದ ‘ಸತ್ಯವೇದವು’ ಉಳಿಸಿಕೊಂಡಿದೆ. ಗಮನವಿಟ್ಟು ಓದುವ ಯಾರಿಗೂ ಅದು ಕಾಣುತ್ತದೆ. ಎರಡು ನಿರೂಪಣೆಗಳನ್ನು ಒಂದರ ಪಕ್ಕ ಒಂದಿಟ್ಟ ಸಂಪಾದಕನಿಗೆ ಕ್ರಮಭೇದ ಕಾಣಲಿಲ್ಲವೆಂದು ಹೇಳುವುದು ಕಷ್ಟ. ಕಂಡೂ ಎರಡನ್ನೂ ಉಳಿಸಿದನೆಂದರೆ ದಿನಚರಿಯ ಕ್ರಮ ಅವನ ತಾತ್ಪರ್ಯವಾಗಿರಲಿಲ್ಲವೆಂದೇ ಅರ್ಥಮಾಡಬೇಕಾಗುತ್ತದೆ.

ಲಿಪಿಕಾರನ ಕೈತಪ್ಪಿನಿಂದ ಬಂದ ವಿರೋಧಗಳು ಬೇರೆಯೇ ಜಾತಿಯವು. ಅಹಜ್ಯನು ಪಟ್ಟಕ್ಕೆ ಬಂದಾಗ 22 ವರ್ಷದವನೆಂದು ಎರಡನೆಯ ಅರಸುಗಳ ಗ್ರಂಥ (8:26), 42 ವರ್ಷದವನೆಂದು ಎರಡನೆಯ ಪೂರ್ವಕಾಲವೃತ್ತಾಂತ (22:2). ಅವನ ತಂದೆ 32ನೆಯ ವಯಸ್ಸಿನಲ್ಲಿ ಅರಸನಾಗಿ 8 ವರ್ಷ ಆಳಿ ತೀರಿಕೊಂಡವನು. 42ನ್ನು ಒಪ್ಪಿದರೆ ಮಗನೇ ತಂದೆಗಿಂತ ಎರಡು ವರ್ಷ ದೊಡ್ಡವನಾಗುತ್ತಾನೆ. ಪ್ರಾಚೀನ ಸುರಿಯಾನಿ ಅನುವಾದದಲ್ಲಿ ಎರಡು ಕಡೆಯೂ 22 ಎಂದೇ ಇದೆ. ಇಲ್ಲಿ ಗೂಢಾರ್ಥ ಹುಡುಕುವುದು ವ್ಯರ್ಥ, ಇದು ಲಿಪಿಪ್ರಮಾದ. ಗ್ರಂಥಗಳಿಗೆ ಇಂಥ ಗತಿ ಬರುತ್ತದೆಂಬುದನ್ನು ಮಧ್ವಾಚಾರ್ಯರು ‘ಮಹಾಭಾರತ ತಾತ್ಪರ್ಯನಿರ್ಣಯ’ದ ಎರಡನೆಯ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಜನರು ಕೆಲವೆಡೆ ಇಲ್ಲದ್ದನ್ನು ಸೇರಿಸುತ್ತಾರೆ, ಕೆಲವೆಡೆ ಇದ್ದದ್ದನ್ನು ಬಿಡುತ್ತಾರೆ, ಕೆಲವೆಡೆ ಹಿಂದುಮುಂದು ಮಾಡುತ್ತಾರೆ, ಕೆಲವೆಡೆ ಅಜಾಗರೂಕತೆಯಿಂದ ಕೆಡಿಸುತ್ತಾರೆ ಎಂಬುದು ಅವರ ಮಾತಿನ ಸಾರ. ಯುರೋಪಿನಲ್ಲಿ ಪಾಠಸಂಶೋಧನೆಯ ಶಾಸ್ತ್ರ ರೂಪುಗೊಳ್ಳುವ ಶತಮಾನಗಳ ಮುಂಚೆ ಬಂದ ಈ ತಿಳಿವಳಿಕೆ ಶ್ರದ್ಧೆಯ ಒಳಗಿನಿಂದಲೇ ಹುಟ್ಟಿತೆಂಬುದನ್ನು ಗಮನಿಸಬೇಕು. ಹೀಬ್ರೂ ಲಿಪಿಕಾರರ ನಿಷ್ಠೆ ಇನ್ನೊಂದು ಬಗೆಯದು: ಅವರು 42ನ್ನು ತಿದ್ದದೆ ಹಾಗೆಯೇ ನಕಲು ಮಾಡುತ್ತ ಬಂದರು.

ತಿದ್ದುವ ಆಸೆಗೆ ಗೊಲ್ಯಾತನ ಪ್ರಸಂಗ ಸಾಕ್ಷಿ. ಅವನನ್ನು ಕೊಂದವನು ದಾವೀದನೆಂದು ಒಂದನೆಯ ಸಮುವೇಲನ 17ನೆಯ ಅಧ್ಯಾಯ, ಎಲ್ಹಾನಾನನೆಂದು ಎರಡನೆಯ ಸಮುವೇಲ 21:19. ಒಂದನೆಯ ಪೂರ್ವಕಾಲವೃತ್ತಾಂತ (20:5) ಎಲ್ಹಾನಾನನು ಕೊಂದದ್ದು ಗೊಲ್ಯಾತನ ತಮ್ಮನನ್ನು ಎನ್ನುತ್ತದೆ. 1611ರ ಇಂಗ್ಲಿಷ್ ಅನುವಾದಕರು ಆ ಸಹೋದರನನ್ನು ತಂದು ಸಮುವೇಲನ ಗ್ರಂಥದ ವಾಕ್ಯಕ್ಕೂ ಸೇರಿಸಿದರು. ವಿರೋಧ ಹೋಯಿತು, ಮೂಲವೂ ಹೋಯಿತು. ಆದರೆ ಪೂರ್ವಕಾಲವೃತ್ತಾಂತದ ಎಲ್ಲ ವ್ಯತ್ಯಾಸಗಳನ್ನೂ ಲಿಪಿಕಾರನ ತಲೆಗೆ ಕಟ್ಟಲಾಗದು. ಜನಗಣತಿ ಮಾಡುವಂತೆ ದಾವೀದನನ್ನು ಪ್ರೇರಿಸಿದ್ದು ಯೆಹೋವನ ಕೋಪವೆಂದು ಎರಡನೆಯ ಸಮುವೇಲ 24:1, ಸೈತಾನನೆಂದು ಒಂದನೆಯ ಪೂರ್ವಕಾಲವೃತ್ತಾಂತ 21:1. ಬಾಬೆಲಿನ ಸೆರೆಯ ನಂತರದ ಕಾಲದಲ್ಲಿ ಬರೆದವನಿಗೆ ಕೇಡಿನ ಪ್ರೇರಣೆಯನ್ನು ದೇವರಿಗೆ ಆರೋಪಿಸುವುದು ಸಹ್ಯವಾಗಲಿಲ್ಲ. ದೇವರನ್ನು ಕುರಿತ ಯೋಚನೆಯೇ ಬೆಳೆದದ್ದರ ಗುರುತು ಇದು.

ವಿಧಿವಾಕ್ಯಗಳ ವಿರೋಧಕ್ಕೆ ಮೀಮಾಂಸಕರಲ್ಲಿ ಸೊಗಸಾದ ಉಪಾಯವಿದೆ. ಅತಿರಾತ್ರಯಾಗದಲ್ಲಿ ಷೋಡಶಿಪಾತ್ರೆಯನ್ನು ಹಿಡಿಯಬೇಕೆಂದೂ ಹಿಡಿಯಬಾರದೆಂದೂ ವೇದವೇ ಹೇಳುತ್ತದೆ. ಎರಡೂ ಸಮಬಲವಾದ್ದರಿಂದ ವಿಕಲ್ಪವನ್ನು ಒಪ್ಪಬೇಕು. ಆದರೂ ವಿಕಲ್ಪದಲ್ಲಿ ಎಂಟು ದೋಷಗಳಿರುವುದರಿಂದ ಅದು ಬೇರೆ ಗತಿಯಿಲ್ಲದಾಗಿನ ಆಶ್ರಯ. ಜ್ಞಾನೋಕ್ತಿಗಳ 26ನೆಯ ಅಧ್ಯಾಯದ 4ನೆಯ ವಚನ ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡವೆನ್ನುತ್ತದೆ, 5ನೆಯದು ಕೊಡು ಎನ್ನುತ್ತದೆ. ಪಕ್ಕಪಕ್ಕದಲ್ಲಿರುವ ಈ ಎರಡು ಸಾಲುಗಳು ಕಣ್ತಪ್ಪಿನಿಂದ ಸೇರಿದವಲ್ಲ. ಒಂದು ಧರ್ಮಶಾಸ್ತ್ರದ ವಿಷಯಕ್ಕೆ, ಇನ್ನೊಂದು ಲೋಕವ್ಯವಹಾರಕ್ಕೆ ಎಂದು ತಾಲ್ಮೂದ್ ವಿಂಗಡಿಸಿತು. ಮೀಮಾಂಸೆಯ ಭಾಷೆಯಲ್ಲಿ ಇದು ವ್ಯವಸ್ಥಿತ ವಿಕಲ್ಪ. ವಿವೇಕವನ್ನು ಕಲಿಸುವ ಗ್ರಂಥ ಎರಡನ್ನೂ ಮುಂದಿಟ್ಟು ಸಂದರ್ಭ ನೋಡುವ ಹೊಣೆಯನ್ನು ಓದುಗನಿಗೆ ಬಿಟ್ಟಿದೆ.

ಸುವಾರ್ತೆಗಳ ವಿಷಯಕ್ಕೆ ಬಂದಾಗ ಪ್ರಶ್ನೆ ಹೆಚ್ಚು ಸೂಕ್ಷ್ಮವಾಗುತ್ತದೆ, ಏಕೆಂದರೆ ಕ್ರೈಸ್ತ ವಿಶ್ವಾಸದ ಬುಡ ಅಲ್ಲಿದೆ. ಯೇಸುವಿನ ಸಮಾಧಿಯ ಬಳಿ ಮತ್ತಾಯನಲ್ಲಿ ಒಬ್ಬ ದೇವದೂತ, ಮಾರ್ಕನಲ್ಲಿ ಒಬ್ಬ ಯೌವನಸ್ಥ, ಲೂಕನಲ್ಲಿ ಇಬ್ಬರು ಪುರುಷರು, ಯೋಹಾನನಲ್ಲಿ ಇಬ್ಬರು ದೇವದೂತರು. ಮೊದಲ ಮೂರು ಸುವಾರ್ತೆಗಳಲ್ಲಿ ಕಡೆಯ ಭೋಜನ ಪಸ್ಕದ ಊಟವಾಗಿದ್ದರೆ, ಯೋಹಾನನಲ್ಲಿ ಯೇಸು ಶಿಲುಬೆಗೆ ಹೋಗುವುದು ಪಸ್ಕಕ್ಕೆ ಸಿದ್ಧಮಾಡುವ ದಿನ. ಪಸ್ಕದ ಕುರಿಮರಿಗಳನ್ನು ಕೊಯ್ಯುವ ದಿನವೇ ದೇವರ ಕುರಿಮರಿಯೂ ಸಾಯುತ್ತದೆ. ಯೂದನು ಉರುಲು ಹಾಕಿಕೊಂಡನೆಂದು ಮತ್ತಾಯ (27:5), ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆದು ಸತ್ತನೆಂದು ಅಪೊಸ್ತಲರ ಕೃತ್ಯಗಳು (1:18). ಉರುಲು ಹಾಕಿಕೊಂಡ ಹಗ್ಗ ಹರಿದು ಬಿದ್ದನೆಂಬ ಪ್ರಸಿದ್ಧ ಸಮನ್ವಯ ಅಸಾಧ್ಯವೇನಲ್ಲ. ಆದರೆ ಹಗ್ಗ ಹರಿದದ್ದನ್ನು ಮತ್ತಾಯನೂ ಹೇಳಿಲ್ಲ, ಅಪೊಸ್ತಲರ ಕೃತ್ಯಗಳ ಕರ್ತನಾದ ಲೂಕನೂ ಹೇಳಿಲ್ಲ. ಇಬ್ಬರನ್ನೂ ಉಳಿಸಲು ಹೊರಟು ಇಬ್ಬರೂ ಹೇಳದ ಮೂರನೆಯ ಕಥೆಯನ್ನು ಕಟ್ಟಿದಂತಾಗುತ್ತದೆ.

ಈ ಜಾಗದಲ್ಲಿ ಜಯತೀರ್ಥರ ‘ಪ್ರಮಾಣಪದ್ಧತಿ’ಯ ಒಂದು ವಿಭಾಗ ಬಹಳ ಉಪಯುಕ್ತ. ನಿರ್ದೋಷವಾದ ಶಬ್ದವೇ ಆಗಮ ಎಂದು ಅದರ ಲಕ್ಷಣ; ಆಗಮ ಅಪೌರುಷೇಯ, ಪೌರುಷೇಯ ಎಂದು ಎರಡು ಬಗೆ. ವೇದ ಅಪೌರುಷೇಯ. ಅದಕ್ಕೆ ವಕ್ತಾರನಿಲ್ಲವಾದ್ದರಿಂದ ವಕ್ತೃದೋಷವೂ ಇಲ್ಲ. ಆದಕಾರಣ ಅದರೊಳಗೆ ನಿಜವಾದ ವಿರೋಧವನ್ನು ಒಪ್ಪುವಂತಿಲ್ಲ, ತೋರುವ ವಿರೋಧವೆಲ್ಲ ಆಭಾಸ. ಪೌರುಷೇಯ ವಾಕ್ಯದ ಬಲ ಹೇಳಿದವನ ಆಪ್ತತೆಯಲ್ಲಿದೆ. ಬೈಬಲು ತನ್ನನ್ನು ಯಾವ ಬಗೆಗೆ ಸೇರಿಸಿಕೊಳ್ಳುತ್ತದೆ? ಲೂಕನು ತನ್ನ ಸುವಾರ್ತೆಯ ಮೊದಲ ನಾಲ್ಕು ವಚನಗಳಲ್ಲೇ, ಕಣ್ಣಾರೆ ಕಂಡವರಿಂದ ಬಂದದ್ದನ್ನು ತಾನು ವಿಚಾರಿಸಿ ಕ್ರಮವಾಗಿ ಬರೆದೆನೆಂದು ಹೇಳುತ್ತಾನೆ. ಇದು ಸಾಕ್ಷಿಯ ಭಾಷೆ. ದೇವಪ್ರೇರಣೆಯನ್ನು ಒಪ್ಪಿದರೂ ಮನುಷ್ಯನ ಕಿವಿ, ನೆನಪು, ಕೈ ಅಲ್ಲಿ ಅಳಿಸಿಹೋಗುವುದಿಲ್ಲ. ಹೀಗಿರುವಾಗ ಅಪೌರುಷೇಯಕ್ಕೆ ಸಲ್ಲುವ ಅವಿರೋಧವನ್ನು ಸುವಾರ್ತೆಗಳಿಂದ ಅಪೇಕ್ಷಿಸುವುದು ಪ್ರಮಾಣದ ಜಾತಿಯನ್ನೇ ಅದಲುಬದಲು ಮಾಡಿದಂತೆ. ನಾಲ್ವರು ಸಾಕ್ಷಿಗಳು ಚಾಚೂತಪ್ಪದೆ ಒಂದೇ ಮಾತನ್ನು ಒಪ್ಪಿಸಿದರೆ ಅವರ ಮೇಲೆ ನಂಬಿಕೆ ಹೆಚ್ಚುವುದಿಲ್ಲ, ಸಂಶಯವೇ ಹೆಚ್ಚುತ್ತದೆ.

ಸಭೆಯ ಇತಿಹಾಸವೂ ಇದೇ ದಿಕ್ಕಿನಲ್ಲಿ ಸಾಗಿತು. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ತಾತಿಯಾನನು ನಾಲ್ಕು ಸುವಾರ್ತೆಗಳನ್ನು ಹೆಣೆದು ‘ದಿಯಾತೆಸ್ಸರೋನ್’ ಎಂಬ ಒಂದೇ ಕಥನ ಮಾಡಿದನು. ಸುರಿಯಾನಿ ಸಭೆಗಳು ಅದನ್ನು ಬಹುಕಾಲ ಓದಿದವು. ಐದನೆಯ ಶತಮಾನದಲ್ಲಿ ಬಿಷಪ್ ಥಿಯೊಡೊರೆಟನು ತನ್ನ ಸೀಮೆಯಲ್ಲಿ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ ನಾಲ್ಕು ಬಿಡಿ ಸುವಾರ್ತೆಗಳನ್ನು ಇರಿಸಿದನು. ವಿರೋಧವಿಲ್ಲದ ಒಂದನ್ನು ಬಿಟ್ಟು, ವಿರೋಧವಿರುವ ನಾಲ್ಕನ್ನು ಸಭೆ ಆರಿಸಿಕೊಂಡಿತು.

ಒಂದೇ ಧರ್ಮದೊಳಗೆ ಬೇರೆಬೇರೆ ನಿರೂಪಣೆಗಳು ಬಾಳುವುದಕ್ಕೆ ಮಾನ್ಯಖೇಟದಲ್ಲೇ ಉದಾಹರಣೆಯಿದೆ. ವಿಮಲಸೂರಿಯ ಪರಂಪರೆಯ ಜೈನ ರಾಮಕಥೆಯಲ್ಲಿ ಸೀತೆ ಜನಕನ ಮಗಳು. ಗುಣಭದ್ರನ ‘ಉತ್ತರಪುರಾಣ’ದಲ್ಲಿ ಮಂಡೋದರಿಯ ಹೊಟ್ಟೆಯಲ್ಲಿ ಹುಟ್ಟಿದ ರಾವಣನ ಮಗಳು. ಮೂರನೆಯ ಕೃಷ್ಣನ ಕಾಲದಲ್ಲಿ ಮಾನ್ಯಖೇಟದಲ್ಲಿದ್ದು ಅಪಭ್ರಂಶದಲ್ಲಿ ‘ಮಹಾಪುರಾಣ’ ಬರೆದ ಪುಷ್ಪದಂತ ಗುಣಭದ್ರನ ದಾರಿ ಹಿಡಿದನು. ಕನ್ನಡದ ನಾಗಚಂದ್ರ ವಿಮಲಸೂರಿಯ ದಾರಿ ಹಿಡಿದನು. ವಸ್ತುವಿಗೆ ಅನೇಕ ಮುಖಗಳೆಂದು, ಪ್ರತಿಯೊಂದು ಹೇಳಿಕೆಯೂ ಒಂದು ನಯವೆಂದು ಬಗೆಯುವ ಮತಕ್ಕೆ ಇದರಿಂದ ಕುತ್ತು ಬರಲಿಲ್ಲ. ಈ ಹೋಲಿಕೆಗೆ ಒಂದು ಮಿತಿಯಿದೆ, ಅದನ್ನು ಮರೆಯುವಂತಿಲ್ಲ. ಸೀತೆ ಯಾರ ಮಗಳೆಂಬುದರ ಮೇಲೆ ಜೈನನ ಮೋಕ್ಷ ನಿಂತಿಲ್ಲ. ಕ್ರಿಸ್ತನು ಎದ್ದುಬರದಿದ್ದರೆ ತನ್ನ ಬೋಧನೆಯೂ ಕೇಳುವವರ ನಂಬಿಕೆಯೂ ಹುರುಳಿಲ್ಲದ್ದೆಂದು ಪೌಲನೇ ಕೊರಿಂಥದವರಿಗೆ ಬರೆದನು (1 ಕೊರಿಂಥ 15:14). ಘಟನೆ ನಡೆಯಿತೇ ಎಂಬ ಪ್ರಶ್ನೆಯನ್ನು ನಯವಾದ ನುಂಗಲಾರದು. ದೂತರ ಸಂಖ್ಯೆ ಸಾವಕಾಶ, ಪುನರುತ್ಥಾನ ನಿರವಕಾಶ. ಮೊದಲನೆಯದನ್ನು ಬೇರೆ ರೀತಿಯಲ್ಲಿ ಅರ್ಥೈಸಲು ಎಡೆಯಿದೆ, ಎರಡನೆಯದಕ್ಕೆ ಇಲ್ಲ.

ಈ ಭೇದ ಮಾಡದಿದ್ದರೆ ಆಗುವ ಅಪಾಯ 1854ರ ಏಪ್ರಿಲಿನಲ್ಲಿ ಆಗ್ರಾದಲ್ಲಿ ಕಂಡಿತು. ಮಂಗಳೂರಿಗೆ 1834ರಲ್ಲಿ ಬಂದ ಅದೇ ಬಾಸೆಲ್ ಮಿಷನ್ನಿನಲ್ಲಿ ತನ್ನ ಸೇವೆ ಆರಂಭಿಸಿದ್ದ ಕಾರ್ಲ್ ಫಾಂಡರ್ ಅಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿಯವರೊಂದಿಗೆ ವಾದಕ್ಕೆ ಕುಳಿತನು. ಯುರೋಪಿನ ಪಂಡಿತರೇ ಬರೆದ ಬೈಬಲ್ ವಿಮರ್ಶೆಯನ್ನು ಕೈರಾನವಿ ಮುಂದಿಟ್ಟಾಗ, ಕೆಲವು ಕಡೆ ಲಿಪಿಕಾರರ ತಪ್ಪುಗಳಿವೆಯೆಂದು ಫಾಂಡರ್ ಒಪ್ಪಿದನು; ಅವು ಮೂಲತತ್ತ್ವವನ್ನು ಮುಟ್ಟುವುದಿಲ್ಲವೆಂದೂ ಹೇಳಿದನು. ಎದುರಾಳಿಗೆ ಆ ಒಪ್ಪಿಗೆಯೇ ಸಾಕಾಯಿತು. ಅಕ್ಷರಕ್ಷರವೂ ನಿರ್ದೋಷವೆಂಬ ಪ್ರತಿಜ್ಞೆ ಒಂದು ದೋಷ ಸಿಕ್ಕಿದರೂ ಕುಸಿಯುತ್ತದೆ. ಹಾಗಿದ್ದೂ ಆ ಪ್ರತಿಜ್ಞೆಯನ್ನು ಬಿಡದವರಿದ್ದಾರೆ: 1978ರ ಶಿಕಾಗೊ ಘೋಷಣೆ ಮೂಲಪ್ರತಿಗಳಿಗೆ ಇತಿಹಾಸ ಮತ್ತು ವಿಜ್ಞಾನದ ವಿಷಯದಲ್ಲೂ ದೋಷರಾಹಿತ್ಯವನ್ನು ಹೇಳುತ್ತದೆ. ದೇವರ ಮಾತು ಒಂದು ಕಡೆ ಸಡಿಲವಾದರೆ ಎಲ್ಲ ಕಡೆ ಸಡಿಲವಾದೀತೆಂಬ ಅವರ ಆತಂಕ ಹಗುರವಾದದ್ದಲ್ಲ. ಎರಡನೆಯ ವ್ಯಾಟಿಕನ್ ಸಭೆ 1965ರ ‘ದೇಯಿ ವೆರ್ಬುಮ್’ನಲ್ಲಿ ಬೇರೆ ಮಾರ್ಗ ತುಳಿಯಿತು: ನಮ್ಮ ರಕ್ಷಣೆಗಾಗಿ ದೇವರು ತಿಳಿಸಬಯಸಿದ ಸತ್ಯವನ್ನು ಗ್ರಂಥ ತಪ್ಪಿಲ್ಲದೆ ಕಲಿಸುತ್ತದೆ. ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಬೇರೂರಿರುವ ಮೆಥೊಡಿಸ್ಟರ 25 ಧರ್ಮಸೂತ್ರಗಳಲ್ಲಿ ಐದನೆಯದು ಹೇಳುವುದೂ ರಕ್ಷಣೆಗೆ ಬೇಕಾದುದೆಲ್ಲ ಗ್ರಂಥದಲ್ಲಿದೆ ಎಂದು. ಫಲವನ್ನು ನೋಡಿ ತಾತ್ಪರ್ಯವನ್ನು ನಿಶ್ಚಯಿಸುವ ಕ್ರಮ ಇದೇ.

ಕೊನೆಗೆ ಉಳಿಯುವುದು ವಿಶ್ವಾಸದ ಸ್ವರೂಪವನ್ನೇ ಮುಟ್ಟುವ ವಿರೋಧ. ಮನುಷ್ಯನು ನೀತಿವಂತನೆನಿಸುವುದು ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದ ಎಂದು ಪೌಲ (ರೋಮಾ 3:28). ಬರಿಯ ನಂಬಿಕೆಯಿಂದಲ್ಲ, ಕ್ರಿಯೆಗಳಿಂದಲೂ ಎಂದು ಯಾಕೋಬ (2:24). ಇಬ್ಬರೂ ಆಧಾರಕ್ಕೆ ಹಿಡಿಯುವುದು ಅಬ್ರಹಾಮನನ್ನು, ಅದೂ ಆದಿಕಾಂಡ 15:6ರ ಒಂದೇ ವಚನವನ್ನು. ಉಪಕ್ರಮವನ್ನು, ಅಂದರೆ ಮಾತಿನ ಆರಂಭವನ್ನು, ನೋಡಿದರೆ ಇಬ್ಬರ ಪ್ರಶ್ನೆಗಳು ಬೇರೆ. ಸುನ್ನತಿಯಿಲ್ಲದ ಅನ್ಯಜನರಿಗೆ ಬಾಗಿಲು ತೆರೆದಿದೆಯೇ ಎಂಬುದು ಪೌಲನ ಪ್ರಶ್ನೆ. ಅಬ್ರಹಾಮನು ಸುನ್ನತಿಗೆ ಮುಂಚೆಯೇ ನೀತಿವಂತನೆನಿಸಿದನೆಂಬುದು ಅವನ ಯುಕ್ತಿ. ಯಾಕೋಬನ ಅಧ್ಯಾಯ ಆರಂಭವಾಗುವುದು ಸಭೆಯಲ್ಲಿ ಶ್ರೀಮಂತನಿಗೆ ಒಳ್ಳೆಯ ಪೀಠ, ಬಡವನಿಗೆ ಕಾಲ ಬಳಿ ಜಾಗ ಕೊಡುವ ಪಕ್ಷಪಾತದಿಂದ. ಮುಂದೆ ಹಸಿದವನನ್ನು ಬರಿಯ ಮಾತಿನಲ್ಲಿ ಹರಸಿ ಕಳಿಸುವವನ ನಂಬಿಕೆಯನ್ನು ಅವನು ಸತ್ತದ್ದೆಂದು ಕರೆಯುತ್ತಾನೆ. ‘ನಂಬಿಕೆ’ಯೆಂಬ ಮಾತು ಒಬ್ಬನಲ್ಲಿ ಶರಣಾಗತಿ, ಇನ್ನೊಬ್ಬನಲ್ಲಿ ದೆವ್ವಗಳಿಗೂ ಇರಬಹುದಾದ ಬರಿಯ ಒಪ್ಪಿಗೆ. ಇಷ್ಟು ಬಿಡಿಸಿದ ಮೇಲೂ ಎರಡು ವಾಕ್ಯಗಳ ನಡುವಿನ ಬಿಗಿ ಪೂರ್ತಿ ಸಡಿಲವಾಗುವುದಿಲ್ಲ. ಲೂಥರನು 1522ರ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಯಾಕೋಬನದು ಹುಲ್ಲಿನ ಪತ್ರಿಕೆಯೆಂದು ಬರೆದು, ಅದನ್ನು ಇನ್ನು ಮೂರು ಗ್ರಂಥಗಳ ಜೊತೆ ಕಡೆಗೆ ಸರಿಸಿದನು, ಕಿತ್ತುಹಾಕಲಿಲ್ಲ. ಕನ್ನಡದ ‘ಸತ್ಯವೇದವು’ ಆ ಪಲ್ಲಟವನ್ನು ಅನುಸರಿಸಿಲ್ಲ. ಅಲ್ಲಿ ಯಾಕೋಬನ ಪತ್ರಿಕೆ ಇಬ್ರಿಯರಿಗೆ ಬರೆದ ಪತ್ರಿಕೆಯ ನಂತರ, ಪೇತ್ರನ ಪತ್ರಿಕೆಗಳ ಮೊದಲು, ತನ್ನ ಹಳೆಯ ಸ್ಥಾನದಲ್ಲೇ ಇದೆ.