ಮುದ್ರೆಯಿಲ್ಲದ ಬೊಂಬೆಯ ವಂಶಾವಳಿ

ವೈಟ್‌ಫೀಲ್ಡ್ ಎಂದೊಡನೆ ಇಂದು ಗಾಜಿನ ಕಟ್ಟಡಗಳೂ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳೂ ಕಣ್ಮುಂದೆ ನಿಲ್ಲುತ್ತವೆ. ಆದರೆ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ನೀಡಿದ ಸುಮಾರು 3,900 ಎಕರೆ ನೆಲದಲ್ಲಿ, ಡಿ. ಎಸ್. ವೈಟ್ ಅವರ ಮುಂದಾಳುತನದಲ್ಲಿ, 1882ರಲ್ಲಿ ಹುಟ್ಟಿದ ಈ ಊರು ಮೂಲತಃ ಆಂಗ್ಲೋ-ಇಂಡಿಯನ್ ಕುಟುಂಬಗಳ ಕೃಷಿ ನೆಲೆ. ಅಂದಿನ ಹೆಂಚಿನ ಮನೆಗಳು ಒಂದೊಂದಾಗಿ ಮರೆಯಾಗಿವೆ. ಅಂಥ ಮನೆಯೊಂದು ಖಾಲಿಯಾಗುವಾಗ ಗಾಜಿನ ಬೀರುವಿನಿಂದ ಪಿಂಗಾಣಿಯ ಕುರಿಗಾಹಿ ಬಾಲೆಯೋ ಮಗುವನ್ನೆತ್ತಿದ ತಾಯಿಯೋ ಹೊರಬಂದರೆ, ನಾವು ಮೊದಲು ಅದನ್ನು ತಲೆಕೆಳಗು ಮಾಡಿ ನೋಡುತ್ತೇವೆ. ಅಡಿಯಲ್ಲಿ ಮುದ್ರೆ ಕಾಣದಿದ್ದರೆ ಒಬ್ಬರು ಬೆಲೆಯಿಲ್ಲದ್ದೆಂದು ಗುಜರಿಗೆ ಹಾಕುತ್ತಾರೆ. ಇನ್ನೊಬ್ಬರು ಬಹಳ ಪುರಾತನವೆಂದು ಬೀಗುತ್ತಾರೆ. ಎರಡೂ ಆತುರದ ತೀರ್ಪುಗಳೇ.

ಯೂರೋಪಿನಲ್ಲಿ ಗಟ್ಟಿ ಪಿಂಗಾಣಿಯ ಮೊದಲ ಕಾರ್ಖಾನೆ 1710ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಆರಂಭವಾಯಿತು. ಅಲ್ಲಿನ ನೀಲಿ ಬಣ್ಣದ ಅಡ್ಡಕತ್ತಿಗಳ ಗುರುತು 1720ರ ದಶಕದಲ್ಲಿ ಬಳಕೆಗೆ ಬಂದಿತು. ಅದರ ಕೀರ್ತಿ ಹಬ್ಬಿದಂತೆ ಅನುಕರಣೆಗಳೂ ಹುಟ್ಟಿದವು. ಆದ್ದರಿಂದ ಮುದ್ರೆಯಿದ್ದ ಮಾತ್ರಕ್ಕೆ ಬೊಂಬೆ ಅಸಲಿಯೆನ್ನಲಾಗದು. ಇತ್ತ ಸಣ್ಣ ಕಾರ್ಖಾನೆಗಳು ಎಷ್ಟೋ ಬಾರಿ ಮುದ್ರೆ ಹಾಕಲೇ ಇಲ್ಲ. ಕೆಲವು ಅಂಟಿಸಿದ ಕಾಗದದ ಚೀಟಿಗಳು ತೊಳೆದಾಗ ಕಿತ್ತುಹೋದವು. 1890ರ ಅಮೆರಿಕದ ಸುಂಕ ಕಾಯಿದೆಯು ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯಗೊಳಿಸಿತು. ಹಾಗೆಂದು ಹೆಸರಿಲ್ಲದ್ದೆಲ್ಲ ಅದಕ್ಕಿಂತ ಹಳೆಯದಲ್ಲ. ಬೇರೆ ದೇಶಗಳಿಗೆ ಹೋದ ಸರಕಿಗೆ ಆ ಕಾಯಿದೆಯ ಕಟ್ಟುಪಾಡಿರಲಿಲ್ಲ.

ಮುದ್ರೆ ಇಲ್ಲದಿರುವಾಗ ಬೊಂಬೆಯ ಮೈಯನ್ನೇ ಓದಬೇಕು. ತೆಳುವಾದ ಭಾಗದ ಹಿಂದೆ ದೀಪ ಹಿಡಿಯಿರಿ. ಪಿಂಗಾಣಿಯಾದರೆ ಬೆಳಕು ಮಂದವಾಗಿ ಹಾಯುತ್ತದೆ. ಸಾಮಾನ್ಯ ಸುಟ್ಟ ಮಣ್ಣಿನಲ್ಲಾಗಲಿ ಪ್ಲಾಸ್ಟರಿನಲ್ಲಾಗಲಿ ಹಾಯದು. ಅಡಿಯಲ್ಲಿರುವ ಸಣ್ಣ ರಂಧ್ರ ಪುರಾತನತೆಯ ಗುರುತಲ್ಲ. ಟೊಳ್ಳು ಬೊಂಬೆಯನ್ನು ಸುಡುವಾಗ ಒಳಗಿನ ಗಾಳಿ ಹೊರಹೋಗಲು ಬಿಟ್ಟ ದಾರಿ. ಬಣ್ಣವು ಮೆರುಗಿನ ಒಳಗಿದೆಯೋ ಮೇಲಿದೆಯೋ ಗಮನಿಸಿ. ಕತ್ತು, ಬೆರಳುಗಳ ಬಳಿ ದುರಸ್ತಿಯ ಗೆರೆ ಹುಡುಕಿ. ಅತಿನೇರಳೆ ದೀಪದಡಿ ಎಷ್ಟೋ ದುರಸ್ತಿಗಳು ಬಯಲಾಗುತ್ತವೆ. ಬೆಲೆ ಕಟ್ಟುವಾಗ ಮಾರುವವರು ಕೇಳುವ ಮೊತ್ತವನ್ನು ನೆಚ್ಚಬೇಡಿ; ಅಂಥದ್ದೇ ಬೊಂಬೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತವೇ ಆಧಾರ.

ಆದರೆ ಮೈ ಹೇಳಲಾರದ ಸಂಗತಿಯೂ ಒಂದುಂಟು. ಚೀನಾದ ಫುಜಿಯಾನ್ ಪ್ರಾಂತ್ಯದ ದೆಹುವಾದಲ್ಲಿ ತಯಾರಾಗುತ್ತಿದ್ದ ಬಿಳಿ ಪಿಂಗಾಣಿ ಮೂರ್ತಿಗಳಲ್ಲಿ ಮಗುವನ್ನೆತ್ತಿಕೊಂಡ ಗುವಾನ್‌ಯಿನ್ ಪ್ರಸಿದ್ಧ. ಈಕೆ ಬೌದ್ಧರ ಕರುಣಾಮೂರ್ತಿ, ಜಪಾನೀಯರಿಗೆ ಕನ್ನೋನ್. 1614ರಲ್ಲಿ ಜಪಾನಿನಲ್ಲಿ ಕ್ರೈಸ್ತ ಧರ್ಮ ದೇಶದಾದ್ಯಂತ ನಿಷೇಧಕ್ಕೊಳಗಾದ ಬಳಿಕ ನಾಗಸಾಕಿ ಸುತ್ತಲಿನ ಗುಪ್ತ ಕ್ರೈಸ್ತರು ಇಂಥ ಮೂರ್ತಿಯನ್ನೇ ಮಾತೆ ಮರಿಯಳೆಂದು ಭಾವಿಸಿ ಪ್ರಾರ್ಥಿಸಿದರು. ನಿಷೇಧ ತೆರವಾದದ್ದು 1873ರಲ್ಲಿ. ಅಧಿಕಾರಿಗಳು ಅವರಿಂದ ವಶಪಡಿಸಿಕೊಂಡ ಕೆಲವು ಮೂರ್ತಿಗಳು ಈಗ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಯಾರಿಂದ ಬಂದವೆಂಬ ದಾಖಲೆಯಿರುವುದರಿಂದಲೇ ಅವುಗಳ ಕಥೆ ನಮಗೆ ತಿಳಿದಿದೆ. ದಾಖಲೆ ಇಲ್ಲವಾದರೆ, ಒಂದೇ ಬಗೆಯ ಎರಡು ಮೂರ್ತಿಗಳಲ್ಲಿ ಬೌದ್ಧರ ಮನೆಯದು ಯಾವುದು, ಕ್ರೈಸ್ತರ ಮನೆಯದು ಯಾವುದು ಎಂದು ಮಣ್ಣನ್ನೂ ಮೆರುಗನ್ನೂ ನೋಡಿ ಹೇಳಬಲ್ಲ ಪರಿಣತರಿಲ್ಲ.

ಆದುದರಿಂದ, ಪ್ರಿಯ ಓದುಗರೇ, ಹಳೆಯ ಮನೆ ಬಿಟ್ಟು ಅಪಾರ್ಟ್‌ಮೆಂಟ್ ಸೇರುವ ಮುನ್ನ, ಹಿರಿಯರು ನಮ್ಮೊಡನಿರುವಾಗಲೇ ಕೇಳಿ: ಈ ಬೊಂಬೆಯನ್ನು ತಂದವರು ಯಾರು? ಎಲ್ಲಿಂದ? ಯಾವ ಸಂದರ್ಭದಲ್ಲಿ? ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಬೊಂಬೆಯ ಛಾಯಾಚಿತ್ರದೊಡನೆ ಜೋಪಾನವಾಗಿಡಿ. ಮಾರುಕಟ್ಟೆಯಲ್ಲಿ ಅದರ ಬೆಲೆ ಹೆಚ್ಚೀತು, ಹೆಚ್ಚದಿದ್ದೀತು. ಆದರೆ ಕಾರ್ಖಾನೆ ಹಾಕದೆ ಬಿಟ್ಟ ಮುದ್ರೆಯನ್ನು ಇನ್ನು ಹಾಕಬಲ್ಲವರು ಅದನ್ನು ಬಲ್ಲ ಹಿರಿಯರು ಮಾತ್ರ. ಅವರು ಹೋದ ಮೇಲೆ ಆ ಅವಕಾಶ ಮತ್ತೆ ಬಾರದು.